ಹನ್ನೊಂದನೇ ಮಗ್ಗ

ಸೊಲ್ಲಾಪುರ, ಅಕ್ಕಲಕೋಟೆ ರಸ್ತೆ, ಟಾವೆಲ್ ಕಾರ್ಖಾನೆ,
ರಾತ್ರಿ ಪಾಳಿ.
ಹನ್ನೊಂದನೇ ಮಗ್ಗ
ನವಿಲಿನ ಕೊರಳಿಗೆ ಬಂದಾಗಲೆಲ್ಲ ಸತ್ತುಹೋಗುತ್ತದೆ.
ಪರದೆಯ ಮೇಲೆ ನಾಲ್ಕು ಸಾಲು ಅಂಕಿ, ಆಮೇಲೆ ಕಪ್ಪು.

ಕೇಬಲ್ ಚುಚ್ಚಿದೆ.
ಒಂದು ಕೀಲಿ ಒತ್ತಿದ್ದಕ್ಕೇ ಡೀಬಗ್ಗರ್
ಕರ್ನೆಲ್ಲಿನ ಉಸಿರು ಹಿಡಿದು ನಿಲ್ಲಿಸಿತು.
ಅಡ್ಡನೂಲು ಅರ್ಧ ದಾರಿಯಲ್ಲಿ.
ಒಳಗಿನ ಗಡಿಯಾರ ಎರಡೂ ಹದಿನೇಳು ಅನ್ನುತ್ತಲೇ ಇದೆ,
ಗೋಡೆಯ ಮೇಲೆ ಮೂರಕ್ಕೆ ಹತ್ತು ನಿಮಿಷ.
"ಒಳಗ ಹೊತ್ತು ಹೋಗೂದಿಲ್ಲೇನ್ರೀ ಅಕ್ಕಾರ?"
ತಂಬಾಕು ತಿಕ್ಕುತ್ತ ರೇವಣಸಿದ್ಧ ಕೇಳಿದ.
ನಾನು ಬಿಡುವವರೆಗೆ ಇಲ್ಲ ಅಂದೆ.
"ಹಂಗಾರ ಪಾಳಿ ಮುಗಿಯೂದು ನಿಮ್ಮ ಕೈಯಾಗ ಬಂತು."
ನಕ್ಕ. ನನಗೆ ನಗು ಬರಲಿಲ್ಲ.

ಎರಡು ಎಳೆ, ಒಂದೇ ಬೀಗ.
ಯಾರು ಮೊದಲು ಕೈಹಾಕುತ್ತಾರೆ ಅನ್ನುವಲ್ಲೇ
ಎಲ್ಲೋ ಎಡವುತ್ತಿದೆ ಎಂದು ನನ್ನ ಗುಮಾನಿ.
ನೋಡಲು ಕೂತರೆ ಮಾತ್ರ
ಇನ್‌ಸ್ಪೆಕ್ಟರು ಬಂದ ದಿನದ ಶಾಲೆಮಕ್ಕಳು ಎರಡೂ.
ನವಿಲು ಕೊರಳೆತ್ತಿತು, ಜುಟ್ಟು ಬಿಚ್ಚಿತು,
ಬಾಲದ ತುದಿಯ ತನಕ ನೆಯ್ದುಕೊಂಡಿತು,
ಆರು ಸಲ.
ಕೇಬಲ್ ತೆಗೆದೆ. ಕೊರಳಿಗೇ ಸತ್ತಿತು.

ಮತ್ತೆ ಚುಚ್ಚಿದೆ.
ಹುಡುಕುತ್ತ ಹೋದರೆ ಹುಡುಕದ್ದೂ ಸಿಗುತ್ತದೆ:
ಯೆಮುಲ ಶೇಟರ ಪಾಸ್‌ವರ್ಡ್, ಬತ್ತಲೆ,
ಮಗಳ ಹೆಸರು, ಪಕ್ಕಕ್ಕೆ ಅವಳು ಹುಟ್ಟಿದ ವರ್ಷ.
ಅದರ ಕೆಳಗೆ ಪಾಳಿಯ ಲೆಕ್ಕ,
ರೇವಣಸಿದ್ಧ ಉಚ್ಚೆಗೆ ಎದ್ದ ಹೊತ್ತು ನಿಮಿಷ ಸಮೇತ,
ಅದಕ್ಕೆ ಮುರಿದುಕೊಂಡ ಕೂಲಿ.
ಒಂದು ಅಂಕಿ ಅಳಿಸಿ ಒಂದು ಸೊನ್ನೆ.
ಬೆರಳು ಇಟ್ಟಿದ್ದೆ.
ಇಲ್ಲಿ ಕೂತವರನ್ನು ಯಾರು ನೀನು ಎಂದು ಕೇಳುವವರಿಲ್ಲ,
ಕೇಳಬೇಕಾದವನ ಬಾಯಿಯೇ ನನ್ನ ಮುಷ್ಟಿಯಲ್ಲಿ.

ಎಲ್ಲ ಕಂಡಿತು ಅಂತಲೂ ಅಲ್ಲ.
ಕರ್ನೆಲ್ಲಿಗಿಂತ ಕೆಳಗೆ, ಚಿಪ್ಪಿನೊಳಗೆ,
ಇನ್ನೇನೋ ತನ್ನಷ್ಟಕ್ಕೆ ಓಡುತ್ತಿರುತ್ತದೆ.
ಅದು ಬಡಿಸಿದ್ದನ್ನೇ ನಾನು ಓದುವುದು.
ಅದು ಸುಳ್ಳಾಡಿದರೆ
ನಾನು ಅದನ್ನೇ ನಿಜವೆಂದು ಬರೆದುಕೊಳ್ಳುತ್ತೇನೆ.

ಬೆಳಗ್ಗೆ ಶೇಟರು ಬಂದರು, ಕೈಯಲ್ಲಿ ಚಹಾ.
"ಅದು ಹಚ್ಚಿದ್ರ ನಡೀತದಲ್ಲ? ಹಚ್ಚೇ ಇರಲಿ ಬಿಡ್ರಿ.
ನೆಟ್ಟಿಗೂ ಜೋಡಸ್ರಿ, ನೀವು ಮನಿಯಾಗ ಕುಂತು ನೋಡಬಹುದು."
ನಡೆಯುತ್ತದೆ, ನಿಜ.
ನವಿಲೊಂದು ಮುಗಿಯಲಿ ಅಂತ
ಮನೆಯ ಕದ ಕಿತ್ತು ಬೀದಿಗಿಟ್ಟ ಹಾಗೆ.
ಹೇಗೆ ಹೇಳುವುದು?
"ನಿಮ್ಮ ಮಗಳು ಎರಡು ಸಾವಿರದ ಹನ್ನೊಂದರಾಗ ಹುಟ್ಟಿದಾಕೇನ್ರಿ?"
ಅಂದೆ.

ಲೋಟ ಬಾಯಿಯ ಹತ್ತಿರ ನಿಂತಿತು,
ಅರ್ಧ ದಾರಿಯಲ್ಲಿ.

ಕೇಬಲ್ ಸುತ್ತಿ ಚೀಲಕ್ಕೆ ಹಾಕಿದೆ.
ಹನ್ನೊಂದನೇ ಮಗ್ಗ ಸದ್ಯಕ್ಕೆ ಬರೀ ಗೀಟು ನೆಯ್ಯಲಿ
ಎಂದು ಚೀಟಿ ಬರೆದು ಅಂಟಿಸಿದೆ.
ಸೊನ್ನೆಯ ವಿಷಯ
ಯಾರಿಗೂ ಹೇಳಲಿಲ್ಲ.