ಮೇಲಿನ ಅಡ್ಡದ್ದು

ಮೀನಿನ ಇಲಾಖೆಯವ, ಕಾರವಾರದ ಕಡೆಯವನಂತೆ,
ದಂಡೆಯ ಕಲ್ಲಿನ ಮೇಲೆ ಕೂತು, ರಜಿಸ್ಟರ್ ತೊಡೆಗಿಟ್ಟು
ಅಪ್ಪನ್ನ ಕೇಳಿದ:
'ಇದಕ್ಕೇನಂತೀರಿ?'
'ಗಳ.'
'ಕೂವೆಮರ ಅನಬೇಕು.'
ಬರಕೊಂಡ.
'ಮೇಲಿನ ಅಡ್ಡದ್ದು?'
'ನೊಗ.'
ಪೆನ್ನು ನಿಂತಿತು.
'ನೊಗ ಎತ್ತಿಂದು. ದೋಣಿದು ಹೇಳ್ರಿ.'
'ಎತ್ತಿಂದೇ ರೀ ಅದು.'

ಖರೇನೇ ಹೇಳಿದ್ದ.
ಹಿನ್ನೀರು ಏರಿದ ವರ್ಷ
ಕೆಂದನ್ನೂ ಮಾಸನ್ನೂ ಸಂತೆಗೆ ಹೊಡಕೊಂಡು ಹೋಗಿ
ಕೊರಳ ಗೆಜ್ಜಿ ಸಮೇತ ಕೊಟ್ಟು ಬಂದವ
ನೊಗ ಕೊಟ್ಟಿರಲಿಲ್ಲ.
ಬಡಿಗ್ಯಾರ ಮೌನಪ್ಪ ಅದರ ನಡುವಿಗೆ ತೂತು ಕೊರೆದ.
ಅದನ್ನ ಏರಿಸೋ ಹಗ್ಗ ಬಾವಿಯ ಮಿಣಿ,
ಮಿಣಿ ಹಾಯೋ ಗಾಲಿಯೂ ಬಾವಿಯದೇ
(ಬಾವಿ ಈಗಲೂ ಇದೆ ಕೆಳಗೆ,
ನೀರೊಳಗೆ ತನ್ನ ನೀರು ಬೇರೆ ಇಟ್ಟುಕೊಂಡು).
ಗಳ ಅಲುಗದಂತೆ ಎರಡೂ ಬದಿಗೆ ಬಿಗಿದದ್ದು ಜತಿಗಿ.
ಗಳ ಊರಿದ್ದು ಅವ್ವನ ಒಡೆದ ಒಳ್ಳಿನಲ್ಲಿ.
ಹಾಯಿಯ ಮೂಲೆಗೆ ಗಂಟು ಹಾಕಿ
ನನ್ನ ಕೈಗೆ ಕೊಟ್ಟದ್ದು ಮೂಗುದಾಣ.
'ಭಾಳ ಜಗ್ಗಬ್ಯಾಡ ಯಮನೀ,
ಗಾಳಿಗೂ ಮೂಗು ಇರತೈತಿ.'

ಹಾಯಿ ಅಂದರೆ ಹದಿನಾರು ಯೂರಿಯಾ ಚೀಲ,
ಅವ್ವ ದಬ್ಬಣದಲ್ಲಿ ಹೊಲಿದದ್ದು,
ಒಂದೆರಡು ತಲೆಕೆಳಗು.
ಉಬ್ಬಿದಾಗ ಹೊಟ್ಟೆಯ ಮೇಲೆ ಓದುತ್ತಿದ್ದೆ:
ನಿವ್ವಳ ತೂಕ ೫೦ ಕಿಲೊ.
ಹದಿನಾರು ಚೀಲಕ್ಕೆ ಎಂಟುನೂರು ಕಿಲೊ ಗಾಳಿ.
ಕೊಲ್ಹಾರದ ಮೊಸರಿನ ಗಡಿಗೆ ನಲವತ್ತು
ಬೀಳಗಿ ದಂಡೆ ಮುಟ್ಟಲು ಅಷ್ಟು ಸಾಕಿತ್ತು.

ಆತ ತಲೆಯೆತ್ತಿ ಬಹಳ ಹೊತ್ತು ನೋಡಿದ.
ಅವರ ಕಡೆ ಅದನ್ನ ಪರಬಾಣ ಅಂತಿದ್ದರಂತೆ.
ಅವನಜ್ಜ ಪರಬಾಣದಿಂದ ಬಿದ್ದು ಸತ್ತನಂತೆ.
'ನಾ ಹಾಯಿಹಡಗು ಹತ್ತಿಲ್ಲ,' ಅಂದ,
'ಹೆಸರು ಎಲ್ಲಾ ಗೊತ್ತು.'
ಅಪ್ಪ ಅವನಿಗೆ ಒಂದು ಗಡಿಗೆ ಮೊಸರು ಕೊಟ್ಟ,
ದುಡ್ಡು ತಗೊಳ್ಳಲಿಲ್ಲ.

ನೊಗದ ಅಡಿಗೆ ಎರಡು ಸವೆದ ತಗ್ಗು.
ಎಡಕ್ಕೆ ಕೆಂದ, ಬಲಕ್ಕೆ ಮಾಸ.
ಮಾಸನದು ಇನ್ನಷ್ಟು ಆಳ, ಅವನೇ ಹೆಚ್ಚು ಎಳೆಯುತ್ತಿದ್ದ,
ಅದಕ್ಕೇ ದೋಣಿ ಬಲಕ್ಕೆ ವಾಲತೈತಿ ಅಂತ ಅಪ್ಪ.
ಹೊಲಿಗೆ ಓರೆಯಾದದ್ದು
ಅವ್ವ ನನಗೊಬ್ಬಳಿಗೇ ಹೇಳಿದ್ದಳು.

ಅವತ್ತು ಸಂಜೆ ನಡುನೀರಿನಲ್ಲಿ ಗಾಳಿ ಬಿತ್ತು.
ಸೇತುವೆಯ ಮೇಲೆ ವಿಜಾಪುರದ ಬಸ್ಸು, ಒಳಗೆ ದೀಪ.
ಚೀಲಗಳು ಬರೀ ಚೀಲಗಳಾಗಿ ಇಳಿಬಿದ್ದವು.
ಅಪ್ಪ ನಾಲಿಗೆ ಲೊಚಗುಟ್ಟಿದ,
ಮಾಸಾ, ಅಂದ. ತಡೆದು, ಕೆಂದಾ.
ಏನೂ ಬರಲಿಲ್ಲ.
ಹುಟ್ಟು ತಗೊಂಡೆವು, ಅವನೊಂದು, ನಾನೊಂದು.
ನೊಗ ಮೇಲೆ ತೂಗುತ್ತಿತ್ತು,
ಎರಡೂ ತಗ್ಗು ನಮ್ಮ ಕಡೆಗೆ.