ಗರಗತ್ತಿ

ಭಾನುವಾರ, ಆರೂಕಾಲು. ಕುಕ್ಕರಹಳ್ಳಿ ಕೆರೆಯ ಗೇಟಿನ ಬಳಿ
ಹದಿನಾಲ್ಕು ಜನ, ಒಂದು ಮಗು, ಒಂದು ಫ್ಲಾಸ್ಕು.
ಕಿವಿಗೆ ಮಫ್ಲರು ಸುತ್ತಿಕೊಂಡು ಬಂದ ಮರಿಸಿದ್ದಯ್ಯನವರು
ಕಾಲೇಜಿನ ಸಸ್ಯಾಗಾರದಲ್ಲಿ ಮೂವತ್ತೊಂದು ವರ್ಷ
ಹಳೇ ಪತ್ರಿಕೆಗಳ ನಡುವೆ ಎಲೆ ಒಣಗಿಸಿ ಅಂಟಿಸಿದವರು.
'ಇವತ್ತು ಒಂದೇ ಮನೆತನ,' ಅಂದರು, 'ಅತ್ತಿಯದು.
ಅಣ್ಣತಮ್ಮಂದಿರು ಎಷ್ಟು ಜನ, ನೀವೇ ಎಣಿಸಿ.'

ಆಲ ಎಲ್ಲರಿಗೂ ಗೊತ್ತು. ಅರಳಿ ಗೊತ್ತು;
ಗಾಳಿ ಇಲ್ಲದಿದ್ದರೂ ಅದರದು ಏನೋ ಒಂದು ಚಾಡಿ.
ಗೋಣಿ ಮರದ ಬಳಿ ಅವರ ದನಿ ತುಸು ಏರಿತು:
'ಇದರ ಹಳೇ ಲ್ಯಾಟಿನ್ ಹೆಸರಲ್ಲಿ ನಮ್ಮ ಮೈಸೂರಿದೆ ಕಣ್ರೀ!'
ಕುಸ್ತಿ ಗೆದ್ದ ಮಗನ ಬೆನ್ನು ತಟ್ಟುವ ಹಾಗೆ
ಬೊಡ್ಡೆಯನ್ನು ತಟ್ಟಿದರು.
ಕಿತ್ತಳೆ ಬಣ್ಣದ ಹಣ್ಣು ಉದುರಿ ದಾರಿಯೆಲ್ಲ ಜಾರು.
ಬ್ಯಾಂಕಿನ ಮೇಡಂ ಹುಲ್ಲಿಗೆ ಚಪ್ಪಲಿ ಒರೆಸಿಕೊಂಡರು.

ಅತ್ತಿಯ ಹಣ್ಣೊಂದನ್ನು ಉಗುರಲ್ಲಿ ಸೀಳಿ ತೋರಿಸಿದರು:
'ಅತ್ತಿ ಹೂ ಕಂಡವರಿಲ್ಲ ಅಂತಾರಲ್ಲ, ನೋಡಿ,
ಹೂವೆಲ್ಲ ಒಳಗೇ. ಬಾಗಿಲು ಹಾಕಿಕೊಂಡು ಅರಳುವ ಜಾತಿ.'
ಸಾಸಿವೆಗಿಂತ ಸಣ್ಣ ಕಣಜವೊಂದು ಹೊರಗೆ ಬಂದು
ರೆಕ್ಕೆ ಕೊಡವಿತು.
'ಅದರ ಮನೆ ಮುರಿದುಬಿಟ್ರಿ,' ಅಂತು ಮಗು.
ಮರಿಸಿದ್ದಯ್ಯನವರು ಒಂದು ಕ್ಷಣ
ಹಣ್ಣನ್ನು ಮತ್ತೆ ಮುಚ್ಚಲು ನೋಡಿದರು.

ಆಮೇಲೆ ಏರಿಯ ಇಳಿಜಾರಿನಲ್ಲಿ, ಯಾರೂ ನಿಂತು ನೋಡದಂಥ
ಒಂದು ಕುಳ್ಳು ಮರ. ಕೈಗೊಂದು ಎಲೆ ಕಿತ್ತು ಕೊಟ್ಟರು.
'ನೋಡಬೇಡಿ. ಕಣ್ಣು ಮುಚ್ಚಿ, ಮುಟ್ಟಿ.'

ಮುಟ್ಟಿದೆ.

ಮಂಡಿ ಮೊಹಲ್ಲಾ. ಕಿಟಕಿಯ ಕೆಳಗೆ ಅಬ್ಬಾ.
ಹಲಸಿನ ಹಳದಿ ಚಕ್ಕೆಯಲ್ಲಿ ಅರಳಿ ಎಲೆ ಕೊರೆದು
ಬೀಟೆಯ ಹಲಗೆಯೊಳಗೆ ಕೂರಿಸಿ, ಸರೇಸು ಆರಿದ ಮೇಲೆ
ಇದೇ ಎಲೆಯಿಂದ ಆ ಎಲೆಯನ್ನು ಉಜ್ಜುತ್ತಿದ್ದರು,
ಗರ ಗರ ಗರ, ಮಧ್ಯಾಹ್ನದ ನಮಾಜಿನ ತನಕ.
ವರುಣದ ಕಡೆಯಿಂದ ಚಿಕ್ಕತಾಯಮ್ಮ ಸೋಮವಾರ ಸೋಮವಾರ
ಚೀಲದಲ್ಲಿ ತರುತ್ತಿದ್ದಳು, ನೂರಕ್ಕೆ ಎಂಟಾಣೆ.
ಎಣಿಸುತ್ತಿದ್ದವಳು ನಾನು.
ಹರಿದದ್ದು ಸಿಕ್ಕರೆ ಜಗಳಕ್ಕೆ ನಿಲ್ಲುತ್ತಿದ್ದವಳೂ ನಾನೇ.
ಉಪ್ಪುಕಾಗದ ಅಗ್ಗವಾಯಿತು.
ಒಂದು ಸೋಮವಾರ ಅವಳು ಬರಲಿಲ್ಲ. ಮುಂದಿನದೂ ಬರಲಿಲ್ಲ.
ನಾವು ಕೇಳಲೂ ಇಲ್ಲ.

ಐವತ್ತು ವರ್ಷ,
ಇದಕ್ಕೊಂದು ಮರ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.
ಉಳಿ, ಸುತ್ತಿಗೆ, ಎಲೆ: ಗೂಡಿನಲ್ಲಿಡುವ ಸಾಮಾನು.

'ಗರಗತ್ತಿ,' ಅಂದರು ಮರಿಸಿದ್ದಯ್ಯನವರು.
'ಏನಮ್ಮ, ಮರದ ಪರಿಚಯ ಇತ್ತಾ?'
'ಮರದ್ದಿಲ್ಲ,' ಅಂದೆ.
ಅಷ್ಟೇ ಬಂತು ಬಾಯಿಗೆ.
ಬ್ಯಾಂಕಿನ ಮೇಡಂ ಏನೂ ಕೇಳದೆ
ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಕೊಟ್ಟರು.

ಮುಂದೆ ಬಸರಿ ಇತ್ತು; ಕಾಂಪೌಂಡು ಗೋಡೆ ತಬ್ಬಿದ
ಇನ್ನೊಂದು ಯಾವುದೋ ಇತ್ತು.
ಅದನ್ನೂ ಸೇರಿಸಿ ಏಳು ಅಂತು ಮಗು.
ಅದು ಅರಳಿಯ ಮರಿಯೇ, ಆರು, ಅಂದರು ಅವರು.
ವಾದ ಕೆರೆಯ ತಿರುವಿನವರೆಗೂ ನಡೆಯಿತು.
ನಾನು ಎಣಿಸಲಿಲ್ಲ.
ಸಾಲಿನ ಕೊನೆಯಲ್ಲಿ, ಹೆಬ್ಬೆರಳಿನ ಉಗುರನ್ನು
ಎಲೆಗೆ ಸುಮ್ಮನೆ ತಿಕ್ಕುತ್ತ ಬಂದಿದ್ದೆ;
ಗೇಟಿನ ಬಿಸಿಲಿಗೆ ಕೈ ಹಿಡಿದರೆ
ಹತ್ತು ಉಗುರಲ್ಲಿ ಅದೊಂದೇ
ಗಿರಾಕಿ ಬರುವ ಹೊತ್ತಿಗೆ
ಮುಗಿದ ಕೆಲಸದ ಹಾಗೆ.