ಯಾದಿ

ಮೂವತ್ತೊಂದು ವರ್ಷ ತ್ರಿಯೆಸ್ತೆಯ ಬಂದರಿನಲ್ಲಿ
ಸುಂಕದ ಮೇಜಿನ ಹಿಂದೆ ಕೂತವಳು ನಾನು, ನೀವೆಸ್.
ಕಾಫಿಮೂಟೆ, ಹತ್ತಿ, ತೊಗಲು, ಒಮ್ಮೆ ಸರ್ಕಸ್ಸಿನ ಒಂಟೆ ಎರಡು:
ಬಂದದ್ದೆಲ್ಲ ನನ್ನ ಯಾದಿಗೆ ಇಳಿದೇ ಊರೊಳಗೆ ಹೋಗಬೇಕು.
ನಿವೃತ್ತಿಯ ದಿನ, ಖಾಲಿ ಉಳಿದಿದ್ದ ಲೆಡ್ಜರೊಂದನ್ನು
ಕೋಟಿನೊಳಗೆ ಅವಿತಿಟ್ಟು ಹೊರಬಿದ್ದೆ.
ನಾನು ಮಾಡಿದ ಒಂದೇ ಕಳ್ಳಸಾಗಣೆ.

ಈಗ ಗುರುವಾರ ಸಂಜೆ, ವಾಚನಾಲಯದ ಹಿಂಕೋಣೆ.
ಹೊರಗೆ ಬೋರಾ ಗಾಳಿ ಛತ್ರಿಗಳ ಎಲುಬು ಮುರಿಯುತ್ತಿರುತ್ತದೆ,
ಒಳಗೆ ಇಟಾಲಿಯನ್ ಕಲಿಯಬಂದವರು ಆರೇಳು ಮಂದಿ,
ನಡುವೆ ಒಂದು ಬಟ್ಟೆಚೀಲ, ಅದರ ತುಂಬ ಚಿತ್ರದ ಚೀಟಿ.
ಆಟ ಸುಲಭ: ಒಂದನ್ನೆತ್ತು, ಎಲ್ಲರಿಗೂ ತೋರಿಸು,
ಇಟಾಲಿಯನ್ನಿನಲ್ಲಿ ಹೇಳು, ಆಮೇಲೆ ನಿನ್ನದರಲ್ಲಿ.
ಹತ್ತು ಎಣಿಸುವುದರೊಳಗೆ ಬಾಯಿ ಬಿಡದಿದ್ದರೆ
ಒಂದು ಅವರೆಕಾಳು ದಂಡ.

ನಾನು ಬರೆದುಕೊಳ್ಳುತ್ತೇನೆ.
'ಸರಕು' ಎಂದಿದ್ದ ಕಡೆ ಚಿತ್ರದ ಹೆಸರು,
'ಹೊರಟ ಬಂದರು' ಹೊಡೆದುಹಾಕಿ ಭಾಷೆ.
'ತೂಕ' ಎಂಬ ಕಾಲಮ್ಮನ್ನು ಏನು ಮಾಡುವುದೋ ತಿಳಿಯದೆ
ಹಾಗೇ ಬಿಟ್ಟಿದ್ದೇನೆ.

ಚಮಚ ಬಂದ ದಿನ
ಸೋಲೊಮಿಯಾ ಲೋಝ್ಕ ಅಂದಳು, ಮೊಫಿಜುಲ್ ಚಾಮೊಚ್,
ಬೆಲ್‌ಗ್ರೇಡಿನ ಅಡುಗೆಯವ ದ್ರಾಗುಟಿನ್ ಕಾಶಿಕ,
ಮೂಲೆಯಿಂದ ಎಸ್ಮತ್: ಕಾಶುಕ್.
ಇಬ್ಬರೂ ಒಬ್ಬರ ಜೇಬನ್ನೊಬ್ಬರು ನೋಡಿದರು,
ಯಾರು ಯಾರದನ್ನು ಎತ್ತಿದರೋ ಎಂಬಂತೆ.
ಮಾಲು ಹಳೆಯದು, ಸುಂಕ ತೀರಿದೆ, ಕೂತುಕೊಳ್ಳಿ, ಅಂದೆ.

ಸುಂಕದವರ ಮುಂದೆ ಸುಖದುಃಖ ತೋಡಿಕೊಳ್ಳಬಾರದಂತೆ.
ಇವರು ತೋಡಿಕೊಂಡರು.
'ಬಾಗಿಲು' ಬಂದಾಗ ಸೋಲೊಮಿಯಾ ಪದಕ್ಕೇ ನಿಲ್ಲಿಸಲಿಲ್ಲ;
ಅದರ ಬಣ್ಣ ಹೇಳಿದಳು, ಚಳಿಗಾಲದಲ್ಲಿ ಅದು
ಕಿರುಗುಟ್ಟುವ ಸದ್ದನ್ನು ಬಾಯಿಂದ ಮಾಡಿ ತೋರಿಸಿದಳು.
ಬರೆದುಕೊಳ್ಳಲೇ? ಯಾವ ಅಕ್ಷರದಲ್ಲಿ?

ಜನವರಿಯ ಕೊನೆಗೆ ಲಂಗರಿನ ಚಿತ್ರ.
ನಮ್ಮೂರಿನ ಕೂಸುಗಳೂ ಬಲ್ಲ ವಸ್ತು.
ಆಂಕೊರ, ಅಂದೆ; ಒತ್ತು ಮೊದಲಿಗೇ ಬೀಳಲಿ,
ನಡುವೆ ಬಿದ್ದರೆ ಅರ್ಥ 'ಇನ್ನೂ' ಎಂದಾಗುತ್ತದೆ, ಹುಷಾರು.
ನನ್ನವ್ವನ ಸ್ಲೊವೀನಿನಲ್ಲಿ ಸಿದ್ರೊ, ದ್ರಾಗುಟಿನ್‌ನದೂ ಅದೇ.
ಸೋಲೊಮಿಯಾಳದು ಯಾಕಿರ್.
ಮೊನ್‌ಫಾಲ್ಕೋನೆಯಲ್ಲಿ ಹಡಗಿಗೆ ಬೆಸುಗೆ ಹಾಕುವ ಮೊಫಿಜುಲ್
ಸರದಿಗೆ ಮೊದಲೇ ಕೂಗಿದ: ನೊಂಗೊರ್!
ಎಸ್ಮತ್ ಚೀಟಿಯನ್ನು ತಲೆಕೆಳಗು ಮಾಡಿ ನೋಡಿದ.
ಕಡಲಿಲ್ಲದ ನಾಡಿನಿಂದ ಕಾಡು ಗಡಿಗಳನ್ನು
ಕಾಲಲ್ಲೇ ದಾಟಿ ಬಂದ ಹುಡುಗ, ಹದಿನೆಂಟಿರಬೇಕು.
ಏಳು. ಎಂಟು. ಒಂಬತ್ತಕ್ಕೆ ಬಾಯಿ ಬಿಟ್ಟ:
ಯಾದಮ್ ರಫ್ತ್.
ಎರಡು ಪದ ಬೇಕಾಯಿತೇ ಇಷ್ಟಕ್ಕೆ, ಅಂದುಕೊಂಡು ಬರೆದೆ.
ಅವನು ಏನೋ ಹೇಳಬಂದವನು
ಉಳಿದ ಅವರೆಕಾಳನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನಾದ.
ಮರುವಾರ ಬರಲಿಲ್ಲ.
ಹ್ಯಾಂಬರ್ಗಿಗೆ ಹೋದ ಅಂದರು. ಲೀಲ್ ಅಂದವರೂ ಇದ್ದರು.

ಏಪ್ರಿಲಿನಲ್ಲಿ ಗುಲ್ಸುಮ್ ಸೇರಿದಳು, ಅವನ ಭಾಷೆಯವಳು.
ಯಾದಿಯ ಮೇಲೆ ಬೆರಳಿಟ್ಟು ಓದುತ್ತ ಬಂದವಳು
ಲಂಗರಿನ ಸಾಲಿಗೆ ಗೊಳ್ಳನೆ ನಕ್ಕಳು,
ಆಮೇಲೆ ನಗಲಿಲ್ಲ.
ಇದು ಆ ವಸ್ತುವಿನ ಹೆಸರಲ್ಲ, ಅಂದಳು. ಯಾದ್ ಎಂದರೆ ನೆನಪು.
ನೆನಪು ಹೋಯಿತು, ಅಂದಿದ್ದಾನೆ ಹುಡುಗ.
ನಮ್ಮಲ್ಲಿ ಅದಕ್ಕೆ ಲಂಗರ್.
ಮೊಫಿಜುಲ್ ಕುರ್ಚಿ ಬಿಟ್ಟೆದ್ದ: ಲಂಗರ್, ನೊಂಗೊರ್...
ಪಕ್ಕದಲ್ಲೇ ಕೂತಿದ್ದನಲ್ಲ, ನನ್ನನ್ನು ಕೇಳಬಾರದಿತ್ತೇ!

ಸುಂಕದ ಕಟ್ಟಳೆ ಹೀಗಿದೆ: ತಪ್ಪು ನಮೂದನ್ನು ಅಳಿಸಕೂಡದು,
ಅಡ್ಡಗೆರೆ ಎಳೆದು, ಸರಿಯಾದದ್ದು ಬರೆದು, ಸಹಿ ಹಾಕಬೇಕು.
ಲಂಗರ್ ಬರೆದೆ. ಸಹಿ ಹಾಕಿದೆ.
ಗೆರೆ ಎಳೆಯಲು ಮಾತ್ರ ಕೈ ಬರಲಿಲ್ಲ.
ಒಂದೇ ಚೌಕದಲ್ಲಿ ಇಕ್ಕಟ್ಟಾಗಿ ಎರಡೂ ಇವೆ.
ತೂಕದ ಕಾಲಮ್ಮಿನಲ್ಲಿ, ಮೊದಲ ಸಲ, ಸಣ್ಣಕ್ಷರದಲ್ಲಿ:
ಅವರೆಕಾಳು ಒಂದು,
ಇನ್ನೂ ಬಾಕಿ.